ಊರು ಕೊನೆಗೆ, ವಾಪಸ್ ರೈಲು ಮೊದಲು: ಮ್ಯೂನಿಕ್‌ನಿಂದ ಒಂದು ದಿನದ ಸುತ್ತಾಟ ಆರಿಸೋದು ಹೇಗೆ?

ಪ್ರತಿ ಬೇಸಿಗೆಯಲ್ಲೂ ನಮ್ಮ ಕ್ಯಾಂಪಸ್‌ನಿಂದ ನಾಲ್ಕೈದು ಜನ ಜರ್ಮನಿಗೆ ಹಾರುತ್ತಾರೆ. ಕೆಲವರು ಡಿಎಎಡಿಯ ವೈಸ್ ಇಂಟರ್ನ್‌ಶಿಪ್ ಮೇಲೆ, ಕೆಲವರು ಪ್ರೊಫೆಸರ್‌ಗಳಿಗೆ ತಾವೇ ಮೇಲ್ ಮಾಡಿ ಗಿಟ್ಟಿಸಿಕೊಂಡ ಜಾಗಕ್ಕೆ, ಇನ್ನು ಕೆಲವು ಸೀನಿಯರ್‌ಗಳು ಮಾಸ್ಟರ್ಸ್‌ಗೆ. ಅದರಲ್ಲಿ ಮ್ಯೂನಿಕ್ ಸೇರುವವರು ಹೆಚ್ಚು. ಆಫರ್ ಲೆಟರ್ ಕೈಗೆ ಬಂದ ಮೇಲೆ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಬೀಳುವ ಮೊದಲ ಪ್ರಶ್ನೆ ಲ್ಯಾಬ್ ಬಗ್ಗೆ ಇರಲ್ಲ, ವೀಸಾ ಬಗ್ಗೆಯೂ ಇರಲ್ಲ. "ವೀಕೆಂಡ್ ಎಲ್ಲೆಲ್ಲಿ ಹೋಗ್ಬಹುದು?" ಅನ್ನೋದೇ ಮೊದಲ ಪ್ರಶ್ನೆ. ಉತ್ತರವಾಗಿ ಒಂದು ಪಟ್ಟಿ ಬರತ್ತೆ: ನೋಯ್‌ಶ್ವಾನ್‌ಸ್ಟೈನ್ ಕೋಟೆ, ಸಾಲ್ಜ್‌ಬರ್ಗ್, ಪ್ರಾಗ್, ವೆನಿಸ್, ಪ್ಯಾರಿಸ್. ಇನ್‌ಸ್ಟಾಗ್ರಾಂನಲ್ಲಿ ಇರೋದೆಲ್ಲ ಅದರಲ್ಲಿ ಇರತ್ತೆ. ಯಾವುದನ್ನು ಬಿಡಬೇಕು ಅನ್ನೋದು ಮಾತ್ರ ಇರಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಮೂವರು ಅಲ್ಲಿದ್ದೆವು. ಈ ಸಲ ಹೊರಟಿರುವ ಜೂನಿಯರ್‌ಗಳು ದಿನಾ ಒಬ್ಬೊಬ್ಬರಾಗಿ ಕೇಳೋದಕ್ಕೆ ಶುರು ಮಾಡಿದ್ದರಿಂದ, ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಊರುಗಳ ಪಟ್ಟಿ ಕೊಡೋದಕ್ಕಿಂತ ಆರಿಸುವ ಬಗೆ ಹೇಳೋದು ನಮ್ಮ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕ. ಇಂಟರ್ನ್‌ಶಿಪ್ ಹತ್ತು ವಾರ ಅಂತ ಇಟ್ಟುಕೊಳ್ಳಿ. ಹತ್ತು ಶನಿವಾರ. ಮೊದಲನೆಯದು ಸಿಮ್, ರೂಮು, ಪಾತ್ರೆ-ಪಡಗ ಅಂತ ಹೋಗತ್ತೆ. ಕೊನೆಯ ಎರಡು ವಾರ ರಿಪೋರ್ಟ್ ತಲೆ ಮೇಲೆ ಕೂತಿರತ್ತೆ. ಮಧ್ಯೆ ಎರಡು ಶನಿವಾರವಾದ್ರೂ ಮಳೆ, ಇಲ್ಲಾ ಜ್ವರ. ಉಳಿಯೋದು ಐದೇ ದಿನ. ಭಾನುವಾರ ಬಟ್ಟೆ ಒಗೆದು, ವಾರಕ್ಕೆ ಅಡುಗೆ ಮಾಡಿಟ್ಟು, ಮನೆಗೆ ವಿಡಿಯೋ ಕಾಲ್ ಮಾಡೋಷ್ಟರಲ್ಲಿ ಮುಗಿದಿರತ್ತೆ. ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಳೆದು ಉಳಿಯುವ ಯೂರೋವನ್ನೂ ಈ ಐದು ದಿನಗಳಿಗೇ ಹಂಚಬೇಕು. ಹಾಗಾಗಿ ಒಂದು ಶನಿವಾರ ಕೆಟ್ಟರೆ ಹೋಗೋದು ಇರುವುದರಲ್ಲಿ ಐದನೇ ಒಂದು ಭಾಗ.

ನಮ್ಮ ಸಲಹೆ ಇಷ್ಟೇ: ಊರನ್ನು ಕೊನೆಗೆ ಆರಿಸಿ. ಅದಕ್ಕೂ ಮೊದಲು ಎಷ್ಟು ಹೊತ್ತು ಇದೆ, ಯಾವ ಟಿಕೆಟ್ ಕೈಯಲ್ಲಿದೆ, ವಾಪಸ್ ಬರೋದು ಹೇಗೆ, ಈ ಮೂರನ್ನು ನೋಡಿ. ಇವು ಗೊತ್ತಾದ್ರೆ ಊರು ತಾನಾಗೇ ಸಿಗತ್ತೆ.

ಯೂರೋಪ್ ಅಷ್ಟೇನೂ ಚಿಕ್ಕದಲ್ಲ

ಮ್ಯಾಪ್‌ನಲ್ಲಿ ನೋಡಿದರೆ ಎಲ್ಲಾ ಪಕ್ಕಪಕ್ಕದಲ್ಲೇ ಇರೋ ಹಾಗೆ ಕಾಣತ್ತೆ. ಆದರೆ ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ನೇರ ರೈಲೂ ಹತ್ತಿರ ಹತ್ತಿರ ಆರು ಗಂಟೆ ತೆಗೆದುಕೊಳ್ಳುತ್ತೆ. ಪ್ರಾಗ್‌ಗೂ ಹೆಚ್ಚುಕಡಿಮೆ ಅಷ್ಟೇ. ವಿಯೆನ್ನಾಗೆ ನಾಲ್ಕು ಗಂಟೆ. ಇವೆಲ್ಲ ಎರಡು ಮೂರು ದಿನ ರಜೆ ಸಿಕ್ಕಾಗ ಹೋಗುವ ಊರುಗಳು. ಒಂದು ದಿನಕ್ಕೆ ಅಂತ ಹೊರಟರೆ ರೈಲಿನ ಕಿಟಕಿ ಮಾತ್ರ ನೋಡಿ ಬರ್ತೀರಿ.

ಬೆಳಿಗ್ಗೆ ಎಂಟಕ್ಕೆ ರೂಮಿನಿಂದ ಹೊರಟು ರಾತ್ರಿ ಒಂಬತ್ತಕ್ಕೆ ವಾಪಸ್ ಅಂದ್ರೆ ಹದಿಮೂರು ಗಂಟೆ. ಇದರಲ್ಲಿ ಹೋಗಿಬರುವುದಕ್ಕೆ ಐದು ಗಂಟೆಗಿಂತ ಹೆಚ್ಚು ಕೊಡಬೇಡಿ ಅನ್ನೋದು ನಮ್ಮ ನಿಯಮ. ಒಂದು ಕಡೆಗೆ ಎರಡೂವರೆ ಗಂಟೆ. ಅದೂ ರೈಲಿನ ಹೊತ್ತು ಮಾತ್ರ ಅಲ್ಲ, ರೂಮಿನ ಬಾಗಿಲಿಂದ ನೋಡಬೇಕಾದ ಜಾಗದ ಬಾಗಿಲಿನವರೆಗೆ. ನಿಮ್ಮ ರೂಮು ಗಾರ್ಶಿಂಗ್ ಕಡೆ ಇದ್ರೆ ಮೆಟ್ರೋದಲ್ಲಿ ಮುಖ್ಯ ನಿಲ್ದಾಣ ತಲುಪೋದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಬೇಕು. ಅಲ್ಲಿಗೆ ರೈಲಿಗೆ ಉಳಿಯೋದು ಒಂದೂಮುಕ್ಕಾಲು ಗಂಟೆ.

ಈ ಲೆಕ್ಕವನ್ನು ನೋಯ್‌ಶ್ವಾನ್‌ಸ್ಟೈನ್‌ಗೆ ಹಾಕಿ ನೋಡಿ. ರಾಜ ಎರಡನೇ ಲೂಡ್‌ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆ ಅದು. ಫೋಟೋದಲ್ಲಿ ಸಖತ್ತಾಗಿದೆ, ಒಪ್ಪೋಣ. 2025ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ಫ್ಯೂಸೆನ್‌ವರೆಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಬಸ್, ಬಸ್ ಇಳಿದ ಮೇಲೆ ಅರ್ಧ ಗಂಟೆಗೂ ಮೀರಿದ ಏರು ನಡಿಗೆ. ಒಂದು ಕಡೆಗೇ ಮೂರು ಗಂಟೆ ದಾಟುತ್ತೆ. ಒಳಗಿನ ಗೈಡೆಡ್ ಟೂರ್ ಇರೋದು ಅರ್ಧ ಗಂಟೆ ಆಸುಪಾಸು. ಟಿಕೆಟ್ ಮೇಲೆ ಪ್ರವೇಶದ ಸಮಯ ನಮೂದಾಗಿರತ್ತೆ, ನಿಮ್ಮ ರೈಲು ತಡವಾಗಿ ಆ ಸಮಯ ತಪ್ಪಿದ್ರೆ ಒಳಗೆ ಬಿಡಲ್ಲ. ಹೋಗಲೇಬೇಡಿ ಅಂತಲ್ಲ. ಇರೋ ಐದು ಶನಿವಾರದಲ್ಲಿ ಮೊದಲನೆಯದನ್ನೇ ಇದಕ್ಕೆ ಬಲಿ ಕೊಡಬೇಡಿ ಅಂತ ಅಷ್ಟೇ.

ಟಿಕೆಟ್: ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸುವ ಹಕ್ಕು

ಜರ್ಮನಿಯ ರೈಲುಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಐಸಿಇ, ಐಸಿ, ಇಸಿ ಅಂತ ಶುರುವಾಗೋವು ದೂರದ ರೈಲುಗಳು. ಆರ್‌ಇ, ಆರ್‌ಬಿ, ಎಸ್-ಬಾನ್ ಇವೆಲ್ಲ ಪ್ರಾದೇಶಿಕ ರೈಲುಗಳು. ದೂರದ ರೈಲಿನ ಅಗ್ಗದ ಟಿಕೆಟ್‌ಗೆ ಶ್ಪಾರ್‌ಪ್ರೈಸ್ ಅಂತಾರೆ. ಅದನ್ನು ಎಷ್ಟು ಮುಂಚೆ ಕೊಂಡರೆ ಸಾಮಾನ್ಯವಾಗಿ ಅಷ್ಟು ಕಡಿಮೆ, ಆದರೆ ಅದು ಒಂದೇ ರೈಲಿಗೆ ಕಟ್ಟಿಹಾಕಿದ ಟಿಕೆಟ್. ನೀವಾಗಿ ತಡ ಮಾಡಿದರೆ ಮುಂದಿನ ರೈಲಿಗೆ ನಡೆಯಲ್ಲ. ರೈಲ್ವೆ ಕಡೆಯಿಂದಲೇ ತಡವಾಗಿ, ಸೇರುವ ಊರಿಗೆ ಇಪ್ಪತ್ತು ನಿಮಿಷಕ್ಕಿಂತ ಲೇಟ್ ಆಗೋ ಹಾಗಿದ್ರೆ ಮಾತ್ರ ಆ ಕಟ್ಟು ಬಿಚ್ಚಿಕೊಳ್ಳತ್ತೆ.

ಪ್ರಾದೇಶಿಕ ರೈಲುಗಳಿಗೆ ಡಾಯ್ಚ್‌ಲಾಂಡ್-ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯ್ತು. 2025ರ ಜನವರಿಯಿಂದ 58, 2026ರ ಜನವರಿಯಿಂದ 63. ತಿಂಗಳಿಗೆ ಇಷ್ಟು ಕೊಟ್ಟರೆ ಇಡೀ ದೇಶದ ಪ್ರಾದೇಶಿಕ ರೈಲು, ಮೆಟ್ರೋ, ಟ್ರಾಮ್, ಸಿಟಿ ಬಸ್ಸುಗಳಲ್ಲಿ ಎಷ್ಟು ಸಲ ಬೇಕಾದ್ರೂ ಓಡಾಡಬಹುದು. ಲ್ಯಾಬ್‌ಗೆ ಹೋಗೋದಕ್ಕೆ ಹೇಗೂ ಪಾಸ್ ಬೇಕಲ್ಲ, ಅದೇ ಇದು. ವೀಕೆಂಡ್ ಪ್ರಯಾಣ ಅದರ ಮೇಲೆ ಬಿಟ್ಟಿ. ಒಂದು ಎಚ್ಚರಿಕೆ: ಇದು ತಾನಾಗೇ ನವೀಕರಣಗೊಳ್ಳುವ ಚಂದಾ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿದರೆ ಆ ತಿಂಗಳ ಕೊನೆಗೆ ನಿಲ್ಲತ್ತೆ, ಇಲ್ಲದಿದ್ರೆ ನೀವು ಬೆಂಗಳೂರಿಗೆ ಬಂದು ಇಳಿದ ಮೇಲೂ ಮುಂದಿನ ತಿಂಗಳ ದುಡ್ಡು ಕಟ್ ಆಗತ್ತೆ. ಆ ತಾರೀಖನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಕಂಪ್ಯೂಟರ್ ಸೈನ್ಸ್‌ನವರಿಗೆ ಲೇಟ್ ಬೈಂಡಿಂಗ್ ಗೊತ್ತಿದೆ. ಯಾವ ಫಂಕ್ಷನ್ ಓಡಬೇಕು ಅನ್ನೋದನ್ನು ಕಂಪೈಲ್ ಮಾಡುವಾಗಲೇ ಗಟ್ಟಿ ಮಾಡದೆ, ಓಡುವ ಹೊತ್ತಿಗೆ ನಿರ್ಧರಿಸೋದು. ಡಾಯ್ಚ್‌ಲಾಂಡ್-ಟಿಕೆಟ್‌ನ ನಿಜವಾದ ಬೆಲೆ ಇರೋದು ಅಲ್ಲಿ. ಆಲ್ಪ್ಸ್ ತಪ್ಪಲಿನ ಹವಾಮಾನ ಮೂರು ವಾರ ಮುಂಚೆ ಯಾರಿಗೂ ಗೊತ್ತಿರಲ್ಲ. ಶ್ಪಾರ್‌ಪ್ರೈಸ್ ಕೊಂಡವರು ಮಳೆ ಬಂದ್ರೂ ಹೋಗಲೇಬೇಕು. ಪಾಸ್ ಇರೋರು ಶುಕ್ರವಾರ ರಾತ್ರಿ ಹವಾಮಾನ ನೋಡಿ, ಬಿಸಿಲಿದ್ರೆ ಬೆಟ್ಟ, ಮಳೆ ಇದ್ರೆ ಮ್ಯೂಸಿಯಂ ಇರೋ ಊರು ಅಂತ ಆರಿಸಬಹುದು. ಬೆಳಿಗ್ಗೆ ಎದ್ದಾಗ ಬೇಜಾರಾದ್ರೆ ಮಲಗೇ ಇರಬಹುದು, ಅದಕ್ಕೂ ದಂಡ ಇಲ್ಲ.

ವೇಗ ಕಡಿಮೆ ಅಲ್ವಾ ಅಂತ ಕೇಳಬಹುದು. ಎಲ್ಲಾ ಕಡೆ ಅಷ್ಟೊಂದು ವ್ಯತ್ಯಾಸ ಇಲ್ಲ. ನ್ಯೂರೆಂಬರ್ಗ್‌ಗೆ ಐಸಿಇ ಒಂದು ಗಂಟೆ ಚಿಲ್ಲರೆ ತೆಗೆದುಕೊಳ್ಳುತ್ತೆ, ಇಂಗೋಲ್‌ಶ್ಟಾಟ್ ದಾಟಿದ ಮೇಲೆ ಗಂಟೆಗೆ 300 ಕಿಲೋಮೀಟರ್ ಓಡುವ ಹಳಿ ಅದು. ಅದೇ ಹಳಿಯ ಮೇಲೆ ಓಡುವ ಒಂದು ಪ್ರಾದೇಶಿಕ ರೈಲೂ ಇದೆ. ಅದು ತಲುಪೋದಕ್ಕೆ ಒಂದೂಮುಕ್ಕಾಲು ಗಂಟೆ. ಉಳಿಯೋ ಮುಕ್ಕಾಲು ಗಂಟೆಗೆ ಎಷ್ಟು ಯೂರೋ ಕೊಡಬಹುದು ಅಂತ ನಿಮ್ಮ ಪರ್ಸನ್ನೇ ಕೇಳಿ.

ಪಾಸ್ ಇಲ್ಲದ ಗೆಳೆಯರು ನಾಲ್ಕೈದು ಜನ ಬಂದರೆ ಬೈಯರ್ನ್-ಟಿಕೆಟ್ ಇದೆ. ಒಂದು ದಿನ, ಇಡೀ ಬವೇರಿಯಾ, ಐದು ಜನರವರೆಗೆ ಒಂದೇ ಟಿಕೆಟ್. ದರ ಆಗಾಗ ಬದಲಾಗತ್ತೆ, ಆದರೆ ಐದು ಜನ ಹಂಚಿಕೊಂಡರೆ ತಲೆಗೆ ಹದಿನೈದು ಯೂರೋ ಆಸುಪಾಸಿಗೆ ಇಳಿಯತ್ತೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವೇ ನಡೆಯೋದು, ಶನಿವಾರ ಭಾನುವಾರ ಆ ಕಟ್ಟುಪಾಡಿಲ್ಲ. ಟಿಕೆಟ್ ಮೇಲೆ ಎಲ್ಲರ ಹೆಸರೂ ಬರೆದಿರಬೇಕು. ಅಲ್ಲಿನ ನಿಲ್ದಾಣಗಳಲ್ಲಿ ಗೇಟ್ ಇರಲ್ಲ, ಸೀದಾ ಪ್ಲಾಟ್‌ಫಾರಂಗೆ ನಡೆದು ಹೋಗಬಹುದು. ಅದನ್ನು ನೋಡಿ "ಯಾರೂ ಕೇಳಲ್ಲ ಮಗಾ" ಅನ್ನೋ ಧೈರ್ಯ ಬರಬಹುದು. ಕೇಳ್ತಾರೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ.

ಬದಲಾವಣೆ ಎಷ್ಟು, ಮುಂದಿನ ರೈಲು ಯಾವಾಗ

ಜರ್ಮನ್ ರೈಲು ಅಂದ್ರೆ ಗಡಿಯಾರ ಅನ್ನೋ ನಂಬಿಕೆಯನ್ನು ಇಲ್ಲೇ ಬಿಟ್ಟು ಹೋಗಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇಕಡಾ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಎಣಿಸದೆ. ಪ್ರಾದೇಶಿಕ ರೈಲುಗಳು ಇದಕ್ಕಿಂತ ಚೆನ್ನಾಗಿವೆ, ಆದರೆ ಅವೂ ಅದೇ ಹಳಿ, ಅದೇ ಸಿಗ್ನಲ್ ಹಂಚಿಕೊಳ್ಳೋದು.

ಇದರಿಂದ ಒಂದು ಪ್ರಾಬಬಿಲಿಟಿ ಲೆಕ್ಕ ಹುಟ್ಟತ್ತೆ. ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹಿಡಿಯುವುದು ಹತ್ತರಲ್ಲಿ ಎಂಟು ಸಲ ಸರಿಯಾಗತ್ತೆ ಅಂತ ಸುಮ್ಮನೆ ಊಹಿಸಿಕೊಳ್ಳಿ. ಒಂದು ಬದಲಾವಣೆ ಇದ್ದರೆ 0.8. ಎರಡಿದ್ದರೆ 0.64. ಹೋಗುವಾಗ ಎರಡು, ಬರುವಾಗ ಎರಡು ಅಂದ್ರೆ 0.41. ಅಂದರೆ ದಿನ ಅಂದುಕೊಂಡ ಹಾಗೆ ನಡೆಯೋದಕ್ಕಿಂತ ನಡೆಯದೇ ಇರೋದೇ ಹೆಚ್ಚು. ನೇರ ರೈಲು ಇಪ್ಪತ್ತು ನಿಮಿಷ ನಿಧಾನ ಇದ್ರೂ ಅದನ್ನೇ ಹಿಡಿಯಿರಿ ಅಂತ ನಾವು ಹೇಳೋದು ಇದಕ್ಕೆ.

ಆದರೆ ತಪ್ಪಿದ ರೈಲಿನ ನಷ್ಟ ಎಲ್ಲಾ ಕಡೆ ಒಂದೇ ಅಲ್ಲ. ಅದು ನಿಂತಿರೋದು ಹೆಡ್‌ವೇ ಮೇಲೆ, ಅಂದ್ರೆ ಎರಡು ರೈಲುಗಳ ನಡುವಿನ ಅಂತರದ ಮೇಲೆ. ಆ ಭಾಗದ ವೇಳಾಪಟ್ಟಿ ಬಹುಮಟ್ಟಿಗೆ ಗಂಟೆಗೊಂದು ತಾಳ ಹಿಡಿದಂತೆ ಇರತ್ತೆ. 9:32ಕ್ಕೆ ಒಂದು ರೈಲಿದ್ರೆ 10:32, 11:32ಕ್ಕೂ ಇರತ್ತೆ. ಇದಕ್ಕೆ ಟಾಕ್ಟ್ ಅಂತಾರೆ, ಸಂಗೀತದ ತಾಳಕ್ಕೂ ಅದೇ ಪದ. ಸ್ವಿಟ್ಜರ್ಲೆಂಡ್ 1982ರಲ್ಲೇ ಇಡೀ ದೇಶಕ್ಕೆ ಇದನ್ನು ತಂದಿತ್ತು. ಅರ್ಧ ಗಂಟೆಗೊಂದು ರೈಲಿರೋ ಆಗ್ಸ್‌ಬರ್ಗ್‌ನಲ್ಲಿ ಒಂದು ತಪ್ಪಿದರೆ ಒಂದು ಕಾಫಿ ಕುಡಿಯೋಷ್ಟು ಹೊತ್ತು ನಷ್ಟ. ದಿನಕ್ಕೆ ಕೆಲವೇ ಬಸ್ಸಿರುವ ಹಳ್ಳಿಯಲ್ಲಿ ಸಂಜೆಯ ಬಸ್ ತಪ್ಪಿದರೆ ನಷ್ಟ ಒಂದು ರಾತ್ರಿಯ ಹೋಟೆಲ್ ಬಾಡಿಗೆ. ನಮ್ಮೂರಿನ ಹಾಗೆ ಯಾರದೋ ಗೂಡ್ಸ್ ಆಟೋ ನಿಲ್ಲಿಸಿ ಹತ್ತಿಕೊಳ್ಳೋದು ಅಲ್ಲಿ ನಡೆಯಲ್ಲ.

ಹಾಗಾಗಿ ಆ್ಯಪ್ ತೆರೆದ ತಕ್ಷಣ ಹೋಗುವ ರೈಲು ಹುಡುಕಬೇಡಿ. ವಾಪಸ್ ರೈಲು ಹುಡುಕಿ. ಕೊನೆಯ ರೈಲು ಎಷ್ಟಕ್ಕೆ, ಅದಕ್ಕಿಂತ ಹಿಂದಿನದು ಎಷ್ಟಕ್ಕೆ. ನಿಮ್ಮ ಪ್ಲಾನ್ ಯಾವಾಗಲೂ ಕೊನೆಯದರ ಹಿಂದಿನ ರೈಲಿಗೆ ಇರಲಿ, ಕೊನೆಯದು ಆಪತ್ತಿಗೆ. ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್-ಟಿಕೆಟ್ ನಡೆಯುವ ರೈಲು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿಡಿ. ರೈಲು ಬದಲಿಸಲು ಕನಿಷ್ಠ ಎಷ್ಟು ನಿಮಿಷ ಬೇಕು ಅನ್ನೋದನ್ನೂ ಅಲ್ಲೇ ಹೇಳಬಹುದು.

ಸಾಲ್ಜ್‌ಬರ್ಗ್ ಬೇರೆ ದೇಶ

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಸಾಲ್ಜ್‌ಬರ್ಗ್ ಮೇಲಿನ ಎಲ್ಲಾ ಪರೀಕ್ಷೆಯಲ್ಲೂ ಪಾಸಾಗತ್ತೆ. ನೇರ ಪ್ರಾದೇಶಿಕ ರೈಲಿದೆ, ಎರಡು ಗಂಟೆಯೊಳಗೆ ತಲುಪತ್ತೆ, ಡಾಯ್ಚ್‌ಲಾಂಡ್-ಟಿಕೆಟ್ ಮತ್ತು ಬೈಯರ್ನ್-ಟಿಕೆಟ್ ಎರಡೂ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೆ ನಡೆಯುತ್ತವೆ. ಮೊಟ್ಸಾರ್ಟ್ ಹುಟ್ಟಿದ ಮನೆ, ಬೆಟ್ಟದ ಮೇಲೆ ಕೋಟೆ, ನಡೆದು ಸುತ್ತಬಹುದಾದ ಹಳೇ ಊರು. ಹತ್ತಿದ ರೈಲು, ಹಿಡಿದ ಟಿಕೆಟ್ ಯಾವುದೂ ಬದಲಾಗದ ಕಾರಣ ನೀವು ಗಡಿ ದಾಟಿದ್ದು ನಿಮಗೇ ಗೊತ್ತಾಗಲ್ಲ.

ಗೊತ್ತಾಗೋದು ವಾಪಸ್ ಬರುವಾಗ. ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ 2015ರಿಂದ ತಪಾಸಣೆ ನಡೆಸುತ್ತಿದೆ. ಗಡಿ ದಾಟಿ ಸಿಗುವ ಮೊದಲ ಜರ್ಮನ್ ನಿಲ್ದಾಣ ಫ್ರೈಲಾಸಿಂಗ್‌ನಲ್ಲಿ ಪೊಲೀಸರು ಡಬ್ಬಿಯೊಳಗೆ ಬಂದು ದಾಖಲೆ ಕೇಳೋದು ಮಾಮೂಲು. ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೋ, ಕಾಲೇಜ್ ಐಡಿ, ಆಧಾರ್ ಇವ್ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಮೂಲ ಪಾಸ್‌ಪೋರ್ಟ್, ಅದರಲ್ಲಿ ಚಾಲ್ತಿಯಲ್ಲಿರುವ ವೀಸಾ, ಅಥವಾ ನಿವಾಸ ಪರವಾನಗಿ ಕಾರ್ಡ್ ಜೊತೆಗೆ ಪಾಸ್‌ಪೋರ್ಟ್ ಬೇಕು. ಜರ್ಮನಿಯ ದೀರ್ಘಾವಧಿ ವೀಸಾ ಇದ್ದವರು ಷೆಂಗನ್‌ನ ಉಳಿದ ದೇಶಗಳಿಗೆ 180 ದಿನಗಳಲ್ಲಿ 90 ದಿನದವರೆಗೆ ಹೋಗಬಹುದು, ಆದ್ದರಿಂದ ಹೋಗೋದು ತಪ್ಪೇನಲ್ಲ, ದಾಖಲೆ ಇಲ್ಲದೆ ಹೋಗೋದು ತಪ್ಪು. ವೀಸಾ ಮುಗಿಯುತ್ತಾ ಬಂದು ವಿಸ್ತರಣೆಗೆ ಅರ್ಜಿ ಹಾಕಿ ಕಾಯುತ್ತಿರುವ ಸೀನಿಯರ್‌ಗಳು, ವಲಸೆ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುವವರೆಗೆ ಗಡಿ ದಾಟದಿರೋದು ಕ್ಷೇಮ. ಒಂದು ದಿನದ ಸುತ್ತಾಟಕ್ಕಾಗಿ ಎರಡು ವರ್ಷದ ಕೋರ್ಸನ್ನು ಪಣಕ್ಕಿಡಬೇಡಿ. ಬವೇರಿಯಾದೊಳಗೇ ಬೇಕಾದಷ್ಟಿದೆ.

ಹಾಗಾದ್ರೆ ಎಲ್ಲಿಗೆ?

ಮೊದಲ ಶನಿವಾರಕ್ಕೆ ನಮ್ಮ ಓಟು ಆಗ್ಸ್‌ಬರ್ಗ್‌ಗೆ. ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆ, ರೈಲು ಬದಲಿಸೋದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಈ ಊರು ಅಷ್ಟು ಕಾಣಲ್ಲ, ಆದರೆ ಎಂಜಿನಿಯರಿಂಗ್ ಓದುವವರಿಗೆ ಇದು ತೀರ್ಥಕ್ಷೇತ್ರ ಇದ್ದ ಹಾಗೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಮೇಲೆ ಕೆಲಸ ಮಾಡಿದ್ದು ಇಲ್ಲಿನ ಕಾರ್ಖಾನೆಯಲ್ಲಿ, 1893ರಿಂದ 1897ರವರೆಗೆ. ಆ ಕಾರ್ಖಾನೆಯೇ ಮುಂದೆ ಎಂಎಎನ್ ಕಂಪನಿ ಆಯ್ತು. ಊರಿನ ಪಾರ್ಕೊಂದರಲ್ಲಿ ಡೀಸೆಲ್ ನೆನಪಿಗೆ ಬಂಡೆಗಳ ಜಪಾನಿ ಉದ್ಯಾನ ಇದೆ. ಜಪಾನಿನ ಯಾನ್ಮಾರ್ ಕಂಪನಿಯ ಸ್ಥಾಪಕರು 1957ರಲ್ಲಿ ಕೊಟ್ಟ ಕಾಣಿಕೆ ಅದು. ಸಿವಿಲ್‌ನವರಿಗೆ ಇಲ್ಲಿನ ನೀರಿನ ವ್ಯವಸ್ಥೆ ಇದೆ: ಕಾಲುವೆಗಳು, ನೀರಿನ ಗೋಪುರಗಳು, ಪಂಪ್‌ಹೌಸ್‌ಗಳು ಎಲ್ಲಾ ಸೇರಿ 2019ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕುಡಿಯುವ ನೀರು ಬೇರೆ, ಕೆಲಸದ ನೀರು ಬೇರೆ ಅಂತ ಈ ಊರು 1545ರಲ್ಲೇ ಕಟ್ಟುನಿಟ್ಟಾಗಿ ವಿಂಗಡಿಸಿತ್ತು. ರೋಗಾಣು ಅಂದರೇನು ಅಂತ ಯಾರಿಗೂ ಗೊತ್ತಿಲ್ಲದ ಕಾಲ! ಇನ್ನು ಫುಗರೈ ಅನ್ನೋ ಬಡಾವಣೆ, ಬಡವರಿಗಾಗಿ ಐನೂರು ವರ್ಷದ ಹಿಂದೆ ಕಟ್ಟಿದ್ದು. ಇವತ್ತಿಗೂ ಜನ ವಾಸ ಇದ್ದಾರೆ, ಮೂಲ ಬಾಡಿಗೆ ವರ್ಷಕ್ಕೆ 0.88 ಯೂರೋ. ಮ್ಯೂನಿಕ್ ಬಾಡಿಗೆ ಕಟ್ಟುವವರು ಅದರ ಮುಂದೆ ಒಂದು ನಿಮಿಷ ಮೌನವಾಗಿ ನಿಲ್ಲಬಹುದು.

ಮಳೆ ಬರೋ ಶನಿವಾರಕ್ಕೆ ನ್ಯೂರೆಂಬರ್ಗ್. ಜರ್ಮನಿಯ ಮೊದಲ ಉಗಿಬಂಡಿ ಓಡಿದ್ದು ಇಲ್ಲಿಂದ ಫ್ಯೂರ್ತ್‌ಗೆ, 1835ರ ಡಿಸೆಂಬರ್ 7ರಂದು, ಸುಮಾರು ಆರು ಕಿಲೋಮೀಟರ್. ಆಡ್ಲರ್ ಅನ್ನೋ ಆ ಎಂಜಿನ್ ಇಂಗ್ಲೆಂಡಿನ ಸ್ಟೀಫನ್ಸನ್ ಕಾರ್ಖಾನೆಯದು, ಓಡಿಸಿದವನೂ ಇಂಗ್ಲಿಷಿನವನೇ. ರೈಲ್ವೆ ಮ್ಯೂಸಿಯಂ ನಿಲ್ದಾಣದಿಂದ ನಡೆಯುವಷ್ಟು ದೂರ. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ಕೋರ್ಟ್ ಹಾಲ್ ಕೂಡ ಇದೇ ಊರಿನಲ್ಲಿದೆ.

ರೇಗನ್ಸ್‌ಬರ್ಗ್ ಒಂದೂವರೆ ಗಂಟೆ. ಡ್ಯಾನ್ಯೂಬ್ ನದಿಗೆ 12ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಸೇತುವೆ, ಮುನ್ನೂರು ಮೀಟರ್‌ಗೂ ಉದ್ದ, ಅದರ ಮೇಲೆ ಇವತ್ತಿಗೂ ನಡೆದು ಹೋಗಬಹುದು. ಗ್ರಹಗಳ ಚಲನೆಯ ನಿಯಮ ಕೊಟ್ಟ ಕೆಪ್ಲರ್, ತನಗೆ ಬರಬೇಕಿದ್ದ ಬಾಕಿ ಹಣದ ವಿಚಾರವಾಗಿ ಈ ಊರಿಗೆ ಬಂದು 1630ರಲ್ಲಿ ಇಲ್ಲೇ ತೀರಿಕೊಂಡ. ಸ್ಟೈಪೆಂಡ್ ತಡವಾದವರಿಗೆ ಆಪ್ತವಾಗುವ ಊರು.

ಡಾಖಾವ್ ಎಸ್-ಬಾನ್‌ನಲ್ಲಿ ಅರ್ಧ ಗಂಟೆಯೂ ಇಲ್ಲ, ಅಲ್ಲಿಂದ ಬಸ್. 1933ರಲ್ಲಿ ಶುರುವಾದ ನಾಜಿ ಸೆರೆಶಿಬಿರದ ಸ್ಮಾರಕ. ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿಗೆ ಹೋಗುವ ದಿನ ಬೇರೆ ಯಾವ ಪ್ಲಾನೂ ಇಟ್ಟುಕೊಳ್ಳಬೇಡಿ, ಸೆಲ್ಫಿಯನ್ನೂ ತೆಗೀಬೇಡಿ.

ಆದರೆ ನಮ್ಮ ಮೂವರ ಮೆಚ್ಚಿನ ಪ್ರಯಾಣ ಇವ್ಯಾವುದೂ ಅಲ್ಲ. ಬಿಸಿಲಿನ ಶನಿವಾರಕ್ಕೆ ಕೋಖೆಲ್. ರೈಲಿನಲ್ಲಿ ಒಂದೂಕಾಲು ಗಂಟೆ ಆಸುಪಾಸು, ಹಳಿ ಅಲ್ಲಿಗೇ ಮುಗಿಯತ್ತೆ. ಎದುರಿಗೆ ಕೋಖೆಲ್ ಸರೋವರ. ಅದರ ಹಿಂದಿನ ಬೆಟ್ಟದ ಆಚೆ, ಸುಮಾರು 200 ಮೀಟರ್ ಮೇಲೆ, ವಾಲ್ಖೆನ್ ಸರೋವರ. ಎರಡು ಸರೋವರ, ನಡುವೆ 200 ಮೀಟರ್ ಹೆಡ್. ಯಾವ ಮೆಕ್ಯಾನಿಕಲ್ ಹುಡುಗನಿಗೂ ಇಷ್ಟು ಹೇಳಿದ್ರೆ ಮುಂದಿನದು ಗೊತ್ತಾಗತ್ತೆ. ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್, ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಸ್ಥಾಪಿಸಿದವನೂ ಅವನೇ, ಹಿಂದೆ ನಿಂತು ಕಟ್ಟಿಸಿದ ಜಲವಿದ್ಯುತ್ ಸ್ಥಾವರ 1924ರಲ್ಲಿ ಶುರುವಾಯ್ತು. ಬೆಟ್ಟದ ಇಳಿಜಾರಿನಲ್ಲಿ ಆರು ದಪ್ಪ ಪೆನ್‌ಸ್ಟಾಕ್ ಪೈಪುಗಳು, ಸಾಮರ್ಥ್ಯ 124 ಮೆಗಾವಾಟ್.

ಮಜಾ ಇರೋದು ಒಳಗೆ. ಎಂಟು ಟರ್ಬೈನ್‌ಗಳಲ್ಲಿ ನಾಲ್ಕು ಫ್ರಾನ್ಸಿಸ್, ನಾಲ್ಕು ಪೆಲ್ಟನ್. ಫ್ರಾನ್ಸಿಸ್‌ಗೆ ಕೂಡಿಸಿದ ಜನರೇಟರ್‌ಗಳು ಊರಿಗೆ ಮೂರು ಫೇಸ್ ವಿದ್ಯುತ್ ಕೊಡುತ್ತವೆ. ಪೆಲ್ಟನ್‌ಗೆ ಕೂಡಿಸಿದವು ಕೊಡೋದು ಸಿಂಗಲ್ ಫೇಸ್, 16.7 ಹರ್ಟ್ಸ್, ಬರೀ ರೈಲಿಗೆ. ಯಾಕೆ ಹೀಗೆ ವಿಚಿತ್ರ ಫ್ರೀಕ್ವೆನ್ಸಿ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲಿಗೆ ಬಳಸಿದ ಎಸಿ ಮೋಟರುಗಳಲ್ಲಿ ಕಮ್ಯುಟೇಟರ್ ಇತ್ತು. ಬ್ರಷ್ ಒಂದು ಕಾಯಿಲ್ ಅನ್ನು ಶಾರ್ಟ್ ಮಾಡುವ ಕ್ಷಣದಲ್ಲಿ ಅದರಲ್ಲಿ ಹುಟ್ಟುವ ವೋಲ್ಟೇಜ್ ಫ್ರೀಕ್ವೆನ್ಸಿಗೆ ಅನುಗುಣವಾಗಿ ಏರುತ್ತೆ. 50 ಹರ್ಟ್ಸ್‌ನಲ್ಲಿ ಕಿಡಿ ಹಾರಿ ಬ್ರಷ್ ಸುಟ್ಟುಹೋಗೋದು. ಅದಕ್ಕೆ ಫ್ರೀಕ್ವೆನ್ಸಿಯನ್ನು ಮೂರನೇ ಒಂದಕ್ಕೆ ಇಳಿಸಿ 16⅔ ಮಾಡಿದರು. ಪ್ರಶ್ಯಾ, ಬವೇರಿಯಾ, ಬಾಡೆನ್ ರೈಲ್ವೆಗಳು 1912ರ ಹೊತ್ತಿಗೆ 15 ಕಿಲೋವೋಲ್ಟ್, 16⅔ ಹರ್ಟ್ಸ್ ಅಂತ ಒಪ್ಪಂದ ಮಾಡಿಕೊಂಡವು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಸ್ವೀಡನ್, ನಾರ್ವೆಯಲ್ಲೂ ಅದೇ ಉಳಿಯಿತು. ನಮ್ಮಲ್ಲಿ ಎಸಿ ವಿದ್ಯುದೀಕರಣ ಬಂದಿದ್ದು ತಡವಾಗಿ, ಅಷ್ಟರಲ್ಲಿ ರೆಕ್ಟಿಫೈಯರ್‌ಗಳು ಬಂದಿದ್ದವು, ಹಾಗಾಗಿ 25 ಕಿಲೋವೋಲ್ಟ್, 50 ಹರ್ಟ್ಸ್ ಸೀದಾ ಗ್ರಿಡ್‌ನಿಂದ ತೆಗೆದುಕೊಂಡೆವು. ನೂರು ವರ್ಷದ ಹಿಂದಿನ ಬ್ರಷ್ ಕಿಡಿಗಾಗಿ ಜರ್ಮನಿ ಇವತ್ತಿಗೂ ರೈಲಿಗೆ ಬೇರೆಯೇ ಗ್ರಿಡ್ ನಡೆಸುತ್ತಿದೆ. ಟ್ರಿಪಲ್‌ಇ ಕ್ಲಾಸಿನಲ್ಲಿ ಸ್ಲೈಡ್ ನೋಡಿ ಆಕಳಿಸಿದ ವಿಷಯ ಅಲ್ಲಿ ಪೈಪಿನ ಕೆಳಗೆ ನಿಂತಾಗ ನೆಟ್ಟಗೆ ತಲೆಗೆ ಹೋಗತ್ತೆ.

ಸ್ಥಾವರದ ಸಂದರ್ಶಕರ ಕೇಂದ್ರ ಕೋಖೆಲ್ ನಿಲ್ದಾಣದಿಂದ ಕೆಲವು ಕಿಲೋಮೀಟರ್. ಬಸ್ಸಿದೆ, ಕಾಲಿಗೆ ಕಸುವಿದ್ದರೆ ನಡೆಯಬಹುದು. ಅಲ್ಲಿಂದ ವಾಲ್ಖೆನ್ ಸರೋವರದ ದಡದಲ್ಲೇ ಗಾರ್ಮಿಶ್‌ವರೆಗೆ ಬಸ್ಸಿನಲ್ಲಿ ಹೋಗಿ, ಗಾರ್ಮಿಶ್‌ನಿಂದ ರೈಲಿನಲ್ಲಿ ಮ್ಯೂನಿಕ್‌ಗೆ ವಾಪಸಾದರೆ ಸುತ್ತು ಪೂರ್ತಿ. ಆದರೆ ಮೇಲೆ ಹೇಳಿದ ಹೆಡ್‌ವೇ ಪಾಠ ಇಲ್ಲಿ ನೆನಪಿರಲಿ: ಆ ಬಸ್ಸು ದಿನಕ್ಕೆ ಕೆಲವೇ ಸಲ. ಅದರ ಸಮಯ ಮೊದಲು ಬರೆದುಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಇದೇ ರುಚಿಯವರಿಗೆ ಗಾರ್ಮಿಶ್ ದಾರಿಯಲ್ಲಿ ಮೂರ್ನಾವ್‌ನಿಂದ ಓಬರ್‌ಆಮರ್ಗಾವ್‌ಗೆ ಕವಲೊಡೆಯುವ ಪುಟ್ಟ ಲೈನೂ ಇದೆ, ಜರ್ಮನಿಯಲ್ಲಿ ಕಡಿಮೆ ಫ್ರೀಕ್ವೆನ್ಸಿಯ ಸಿಂಗಲ್ ಫೇಸ್ ಎಸಿ ಮೊದಲು ಓಡಿದ್ದು ಅಲ್ಲಿ, 1905ರಲ್ಲಿ. ಗಾರ್ಮಿಶ್‌ನಿಂದ 2962 ಮೀಟರ್ ಎತ್ತರದ ಟ್ಸುಗ್‌ಶ್ಪಿಟ್ಸೆಗೆ ಹಲ್ಲುಗಾಲಿ ರೈಲು ಹೋಗತ್ತೆ, ಆದರೆ ಅದಕ್ಕೆ ನಿಮ್ಮ ಪಾಸ್ ನಡೆಯಲ್ಲ, ಟಿಕೆಟ್ ಬೇರೆ, ದುಬಾರಿ.

ಶುಕ್ರವಾರ ರಾತ್ರಿಯ ಕೆಲಸ

ವೀಕೆಂಡ್‌ಗಳಲ್ಲಿ ಹಳಿ ದುರಸ್ತಿ ಜಾಸ್ತಿ. ಆ್ಯಪ್‌ನಲ್ಲಿ ಎಸ್‌ಇವಿ ಅಂತ ಕಂಡರೆ ರೈಲಿನ ಬದಲು ಬಸ್ ಓಡಿಸುತ್ತಿದ್ದಾರೆ ಅಂತ ಅರ್ಥ. ಆ ದಿಕ್ಕು ಬಿಟ್ಟು ಬೇರೆ ದಿಕ್ಕು ಆರಿಸಿ.

ಮ್ಯೂನಿಕ್ ಮುಖ್ಯ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ನಂಬರ್ ನೋಡಿಕೊಂಡು ಹೊರಡಿ. ಗಾರ್ಮಿಶ್ ಕಡೆಯ ರೈಲುಗಳು ಹೆಚ್ಚಾಗಿ ಹೊರಡೋದು 27ರಿಂದ 36ರವರೆಗಿನ ಪಕ್ಕದ ಭಾಗದಿಂದ, ಮುಖ್ಯ ಹಾಲ್‌ನಿಂದ ಅಲ್ಲಿಗೆ ಒಳ್ಳೇ ನಡಿಗೆ. ಹೊರಡೋದಕ್ಕೆ ಎರಡು ನಿಮಿಷ ಮುಂಚೆ ನಿಲ್ದಾಣ ತಲುಪಿದರೆ ರೈಲಿನ ಬೆನ್ನು ಕಾಣತ್ತೆ.

ದಕ್ಷಿಣದ ಟೇಗರ್ನ್‌ಝೇ ಕಡೆಗೆ ಹೋಗುವವರು ಡಬ್ಬಿ ನೋಡಿ ಹತ್ತಿ. ಅಲ್ಲಿ ಒಂದೇ ರೈಲು ಹೊರಟು ದಾರಿಯಲ್ಲಿ ಮೂರಾಗತ್ತೆ. ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಂದು ಭಾಗ ಕಳಚಿಕೊಂಡು ಬೈರಿಶ್‌ಸೆಲ್‌ಗೆ, ಶಾಫ್ಟ್‌ಲಾಖ್‌ನಲ್ಲಿ ಉಳಿದದ್ದು ಎರಡಾಗಿ ಒಂದು ಟೇಗರ್ನ್‌ಝೇಗೆ, ಇನ್ನೊಂದು ಲೆಂಗ್‌ಗ್ರೀಸ್‌ಗೆ. ಎಲ್ಲರೂ ಒಂದೇ ರೈಲು ಹತ್ತಿದ್ದೇವೆ ಅಂದುಕೊಂಡ ಗೆಳೆಯರು ಮೂರು ಊರಲ್ಲಿ ಇಳಿಯಬಹುದು. ಡಬ್ಬಿಯ ಹೊರಗಿನ ಬೋರ್ಡಿನಲ್ಲಿ ಊರಿನ ಹೆಸರು ಬರೆದಿರತ್ತೆ.

ಊಟದ ವಿಚಾರ. ಬವೇರಿಯಾದಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೆ ಮುಚ್ಚುತ್ತವೆ, ಭಾನುವಾರ ಪೂರ್ತಿ ಬಂದ್. ತೆರೆದಿರೋದು ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು, ಬೇಕರಿ, ಹೋಟೆಲ್ ಅಷ್ಟೇ. ಶನಿವಾರ ಒಂಬತ್ತಕ್ಕೆ ವಾಪಸ್ ಬಂದು ಹಾಲು, ಅಕ್ಕಿ ತರೋಣ ಅಂದರೆ ಆಗಲ್ಲ, ಶುಕ್ರವಾರವೇ ತಂದಿಡಿ. ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಸಿಗೋದು ಬ್ರೆಟ್ಸೆಲ್, ಚೀಸ್ ಹಾಕಿದ ಶ್ಪೆಟ್ಸ್‌ಲೆ, ಸಲಾಡ್. ಎರಡನೇ ವಾರಕ್ಕೇ ಬೇಜಾರು ಬರತ್ತೆ. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ. ರೈಲಿನಲ್ಲಿ ಬಿಚ್ಚಿದರೆ ಯಾರೂ ಏನೂ ಅನ್ನಲ್ಲ, ಒಗ್ಗರಣೆಗೆ ಇಂಗು ಮಾತ್ರ ಸ್ವಲ್ಪ ಕಮ್ಮಿ ಹಾಕಿ.